ಒಂದ್ಸಲ ಹಸಿರು, ಒಂದ್ಸಲ ಕೆಂಪು

ಮಗಳಿಗೆ ಏಳು ವರ್ಷವಾಗಿದ್ದಾಗ ಅಪ್ಪ ಅವಳಿಗೊಂದು ಮಾತು ಕೊಟ್ಟಿದ್ದ. ಇನ್ನು ಮುಂದೆ ನಿನ್ನ ಬೆರಳಿಗೆ ತಪ್ಪು ಅಂಕಿ ಸಿಗೋದಿಲ್ಲ, ನಾನಿದೀನಿ.

ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ, ಬ್ರೈಲ್ ಓದುತ್ತಿದ್ದಳು. ಬ್ರೈಲ್‌ನಲ್ಲಿ ಅಂಕಿಗೆ ಬೇರೆ ಚುಕ್ಕಿಗಳಿಲ್ಲ. ಅಕ್ಷರದ ಚುಕ್ಕಿಗಳೇ, ಮುಂದೊಂದು ಗುರುತು ಇದ್ದರೆ ಅಂಕಿಗಳಾಗುತ್ತವೆ. ಅಂದು ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಆ ಗುರುತು ಬಿಟ್ಟುಹೋಗಿತ್ತು. "ಒಬ್ಬನ ಹತ್ರ ಅಬ ಪೆನ್ಸಿಲ್ ಇದ್ವಂತೆ ಅಪ್ಪಾ, ಅಬ ಅಂದ್ರೆ ಎಷ್ಟು?" ಎಂದು ಅತ್ತುಕೊಂಡು ಬಂದಿದ್ದಳು. ಅ ಒಂದು, ಬ ಎರಡು, ಅಬ ಅಂದರೆ ಹನ್ನೆರಡು.

ಆಸ್ಪತ್ರೆಯೊಂದರ ಬಿಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆದ: ಇತ್ತ ಬರಹ ಕೊಟ್ಟರೆ ಅತ್ತ ಬ್ರೈಲ್ ಬರುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಿ, ಯಾರು ಬೇಕಾದರೂ ತಿದ್ದಿ ಎಂದು ಬಾಗಿಲು ತೆರೆದಿಟ್ಟ. ಮುಖ ನೋಡದ ನಾಲ್ಕೈದು ಜನ ಬಂದು ಸೇರಿಕೊಂಡರು. ಅದರಲ್ಲೊಬ್ಬ, ಎಷ್ಟು ಹೊತ್ತಿಗೆ ಕರೆದರೂ ಎದ್ದಿರುವವ, ಎಲ್ಲರ ಬಾಯಲ್ಲೂ ಗೂಬೆ. ಯಾರು ಏನೇ ತಿದ್ದಿದರೂ ಯಂತ್ರ ತಾನಾಗಿಯೇ ನೂರಾರು ಪುಟ್ಟ ಪರೀಕ್ಷೆಗಳನ್ನು ಓಡಿಸಿ ನೋಡುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು, ಒಂದು ಬಿದ್ದರೂ ಕೆಂಪು.

ಬಣ್ಣವನ್ನೇ ಕಾಣದ ಮಗಳಿಗೆ ಹಸಿರು ಎಂಬ ಪದ ಮನೆಮಾತಾಯಿತು. "ಅಮ್ಮಾ, ಸಾರಿಗೆ ಉಪ್ಪು ಹಸಿರಾ?" ಎನ್ನುತ್ತಿದ್ದಳು. ಜಡೆ ಬಿಗಿಯಾದರೆ "ಕೆಂಪು, ಕೆಂಪು!" ಎಂದು ಕಿರುಚುತ್ತಿದ್ದಳು.

ಈಗ ಅವಳಿಗೆ ಹದಿಮೂರು. ಸೋಮವಾರ ಶಾಲೆಯ ಪರೀಕ್ಷೆ, ಬೆಳಿಗ್ಗೆ ಭಾಷೆ, ಮಧ್ಯಾಹ್ನ ಗಣಿತ. ಭಿನ್ನರಾಶಿಗಳನ್ನು ಹಳೆಯ ಆವೃತ್ತಿ ಸರಿಯಾಗಿ ತಿರುಗಿಸುತ್ತಿರಲಿಲ್ಲ, ಹೊಸದು ತಿರುಗಿಸುತ್ತಿತ್ತು. ಅದನ್ನು ಇಳಿಸಿಕೊಂಡು ಪತ್ರಿಕೆ ಅಚ್ಚು ಹಾಕಲು ಬ್ರೈಲ್ ಮುದ್ರಣಾಲಯದವರು ಶನಿವಾರ ಮಧ್ಯಾಹ್ನದಿಂದ ಕಾದು ಕೂತಿದ್ದರು.

ಬಿಡುಗಡೆಗೆ ಮುನ್ನ ಯಂತ್ರ ಓಡಿಸಿದ ಪರೀಕ್ಷೆಗಳಲ್ಲಿ ಅಂಕಿಯ ಗುರುತಿನದೊಂದು ಕೆಂಪಾಯಿತು. ಮತ್ತೆ ಓಡಿಸಿದ, ಹಸಿರು. ಅನುಮಾನ ಬಂದು ಇನ್ನೊಮ್ಮೆ ಓಡಿಸಿದ, ಕೆಂಪು.

"ಅಯ್ಯೋ ಅಣ್ಣಾ, ಅದು ಮುನಿಸಿನ ಗಿರಾಕಿ," ಎಂದ ಗೂಬೆ, ಫೋನಿನಲ್ಲಿ ಆಕಳಿಸುತ್ತ. ಹೀಗೆ ಬಂದು ಹೋಗಿ ಮಾಡುವ ಪರೀಕ್ಷೆಗಳಿಗೆ ಅವರಿಟ್ಟ ಹೆಸರು ಮುನಿಸು. "ಇನ್ನೆರಡು ಸಲ ಓಡ್ಸು, ತಾನೇ ಸರಿಹೋಗತ್ತೆ. ಹಸಿರು ಕಂಡ ತಕ್ಷಣ ಬಿಡುಗಡೆ ಮಾಡ್ಬಿಡು."

"ಯಾಕೆ ಬೀಳ್ತಿದೆ ಅಂತ ಗೊತ್ತಾಗದೆ ಹೇಗೋ ಬಿಡೋದು?"

"ಹೊಸ ಅಳಿಯನಿಗೆ ಉಪಚಾರ ಮಾಡಿದ ಹಾಗೆ ಮಾಡ್ತಾ ಕೂತ್ಕೋ ಹಾಗಾದ್ರೆ. ನಾನು ಮಲಗ್ತೀನಿ."

ಗೂಬೆಯೂ ಮಲಗುತ್ತದೆ ಎಂದು ಅವನಿಗೆ ಗೊತ್ತಾದದ್ದು ಅಂದೇ. ಆ ಪರೀಕ್ಷೆಯನ್ನು ಒಂಟಿಯಾಗಿ ಓಡಿಸಿ ನೋಡಿದ, ಪ್ರತಿ ಸಲವೂ ಹಸಿರು. ಉಳಿದವುಗಳ ಜೊತೆ ಸೇರಿದಾಗ ಮಾತ್ರ ಕೆಡುತ್ತಿತ್ತು, ಅದೂ ಒಮ್ಮೊಮ್ಮೆ. ಹಾಗಾದರೆ ಯಾವುದರ ಸಹವಾಸ? ಒಂದೊಂದನ್ನೇ ಜೋಡಿ ಮಾಡಿ ನೋಡಬೇಕಿತ್ತು. ಹೆಂಡತಿ ಕೆಲಸದಿಂದ ಬಂದಿರಲಿಲ್ಲ. ಒಗೆದ ಬಟ್ಟೆ ಯಂತ್ರದಲ್ಲೇ ಮುದುಡಿ ಬಿದ್ದಿತ್ತು. ವಾರವಿಡೀ ಎರಡೆರಡು ಪಾಳಿ ದುಡಿದ ಮೈ ಕುರ್ಚಿಯಲ್ಲೇ ಕುಸಿಯುತ್ತಿತ್ತು. ಹಣೆ ಕೀಲಿಮಣೆಗೆ ತಾಗಿ ಪರದೆಯ ತುಂಬ ಒಂದೇ ಅಕ್ಷರ ಓಡಿತು.

ಫೋನು ಎಬ್ಬಿಸಿತು. ಮುದ್ರಣಾಲಯದ ಮೇಸ್ತ್ರಿ.

"ಸಾರ್, ಏನಾಯ್ತು? ಹುಡುಗರು ಚಪ್ಪಲಿ ಹಾಕ್ಕೊಂಡು ನಿಂತಿದಾರೆ."

"ಇನ್ನೊಂದು ಸ್ವಲ್ಪ ಹೊತ್ತು..."

"ಸ್ವಲ್ಪ ಅನ್ನೋದನ್ನ ಮಧ್ಯಾಹ್ನದಿಂದ ಕೇಳ್ತಾನೇ ಇದೀನಿ. ಈಗ ಕೊಟ್ರೆ ಅಚ್ಚು, ಇಲ್ಲಾಂದ್ರೆ ನಮ್ಮನ್ನ ಬಿಟ್ಬಿಡಿ."

ಅವನು ಮತ್ತೆ ಓಡಿಸಿದ. ಕೆಂಪು. ಇನ್ನೊಮ್ಮೆ. ಪಟ್ಟಿಯುದ್ದಕ್ಕೂ ಹಸಿರು ಇಳಿಯಿತು. ಮನಸ್ಸು ಬದಲಾಗುವ ಮೊದಲೇ ಬಿಡುಗಡೆಯ ಗುಂಡಿ ಒತ್ತಿದ.

ಮಗಳು ಗೋಡೆ ಸವರಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಮುಗೀತಾ ಅಪ್ಪಾ? ಹಸಿರಾ?"

"ಹಸಿರು ಕಣಮ್ಮಾ."

"ಮತ್ಯಾಕೆ ಧ್ವನಿ ಹಾಗಿದೆ?"

"ನಿದ್ದೆ."

ಸೋಮವಾರ ಸಂಜೆ ಅವಳು ಚೀಲ ಇಳಿಸುವ ಮೊದಲೇ ಹೇಳಿದಳು. "ಅಪ್ಪಾ, ಅಬ ವಾಪಸ್ ಬಂದ."

"ಎಲ್ಲಿ?"

"ಗಣಿತದ ಪೇಪರಲ್ಲಿ, ಮೊದಲನೇ ಲೆಕ್ಕದಲ್ಲೇ. ಅಬ ಮೀಟರ್ ಬಟ್ಟೆ. ಅದೊಂದಕ್ಕೇ ಗುರುತಿಲ್ಲ, ಉಳಿದಿದ್ದಕ್ಕೆಲ್ಲ ಇತ್ತು. ನಂಗೆ ಹಳೇ ಪರಿಚಯ ಅಲ್ವಾ, ಹನ್ನೆರಡು ಅಂತ ಮಾಡ್ಬಿಟ್ಟೆ. ಪಕ್ಕದವಳಿಗೆ ಗೊತ್ತಾಗ್ಲಿಲ್ಲ. ಮೊದಲನೇದೇ ಹಿಂಗಾದ್ರೆ ಅಂತ ಹೆದರಿ ಅರ್ಧ ಪೇಪರ್ ಬಿಟ್ಲು."

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಬರಹ ಅಂಕಿಯಲ್ಲಿ ಮುಗಿದರೆ, ತಂತ್ರಾಂಶ ಇನ್ನೂ ಅಂಕಿಯ ನಡುವೆಯೇ ಇದ್ದೇನೆ ಎಂದುಕೊಳ್ಳುತ್ತಿತ್ತು, ಕೋಣೆಯಿಂದ ಹೊರಟವರು ದೀಪ ಆರಿಸಲು ಮರೆತ ಹಾಗೆ. ಮುಂದಿನ ಬರಹದ ಮೊದಲ ಅಂಕಿಗೆ ಗುರುತು ಇಡುತ್ತಿರಲಿಲ್ಲ. ಭಾಷೆಯ ಪತ್ರಿಕೆ ಪುಟಸಂಖ್ಯೆಯಲ್ಲಿ ಮುಗಿದಿತ್ತು. ಅದರ ಬೆನ್ನಿಗೇ ಗಣಿತದ್ದನ್ನು ತಿರುಗಿಸಿದ್ದರು. ಪರೀಕ್ಷೆಗಳು ಪ್ರತಿ ಸಲ ಬೇರೆ ಬೇರೆ ಸರದಿಯಲ್ಲಿ ಓಡುತ್ತಿದ್ದವು. ಅಂಕಿಯಲ್ಲಿ ಮುಗಿಯುವ ಪರೀಕ್ಷೆಯ ಬೆನ್ನಿಗೇ ಗುರುತಿನ ಪರೀಕ್ಷೆ ಬಂದಾಗಲೆಲ್ಲ ಅದು ಕೆಂಪಾಗುತ್ತಿತ್ತು. ಮುನಿಸೂ ಇಲ್ಲ, ಏನೂ ಇಲ್ಲ. ಅದು ಅವನಿಗೆ ಇದ್ದದ್ದನ್ನೇ ಹೇಳುತ್ತಿತ್ತು. ಒಂದೇ ಸಾಲು ಸೇರಿಸಿದ. ಎಷ್ಟು ಸಲ ಓಡಿಸಿದರೂ ಹಸಿರು.

"ಅವತ್ತು ಹಸಿರು ಅಂದ್ಯಲ್ಲ ಅಪ್ಪಾ?" ಮಗಳು ಪಕ್ಕದಲ್ಲೇ ಕೂತಿದ್ದಳು.

"ಒಂದ್ಸಲ ಹಸಿರು ಬರ್ತಿತ್ತು, ಒಂದ್ಸಲ ಕೆಂಪು."

"ಹಾಗಾದ್ರೆ ಅದು ಕೆಂಪೇ ಅಲ್ವಾ?"

"ಹೌದು."

ಅವಳು ಎದ್ದು ಒಣಗಿದ ಬಟ್ಟೆ ಮಡಿಸಲು ಹೋದಳು. ಏಳು ವರ್ಷದ ಮಗಳಿಗೆ ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.