ಇಪ್ಪತ್ತೆರಡನೇ ಗೀಟು

ಮೊದಲು ವಾಪಸು ಬಂದದ್ದು ಪುಣೆಯ ಹೆಂಗಸಿನ ಉಂಗುರ. ಓಂ ಬೀಚಿನ ಗೆಸ್ಟ್ ಹೌಸೊಂದರ ಜಗಲಿಯಲ್ಲಿ ದಿನೇಶ ಎಂದಿನಂತೆ ಚಾಪೆ ಹಾಸಿ, ತಾನು ಮಾಡಿದ ಮರದ ಉಂಗುರಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಆಕೆ ಬಂದವಳೇ, ನಿನ್ನೆ ಬೆರಳಿಗೆ ಸರಿಯಾಗಿ ಕೂತದ್ದು ಇವತ್ತು ಬಳೆಯ ಹಾಗೆ ಜಾರುತ್ತಿದೆ, ಈಜುವಾಗ ಕಳೆದೇ ಹೋಗುವುದರಲ್ಲಿತ್ತು ಎಂದು ಹಿಂದಿಯಲ್ಲಿ ದೂರಿದಳು. ಮರ ನೀರು ಕುಡಿದರೆ ಹಾಗಾಗುತ್ತದೆ ಎಂದು ಸಮಾಧಾನ ಹೇಳಿ ದಿನೇಶ ಬೇರೆಯದನ್ನು ಕೊಟ್ಟು ಕಳಿಸಿದ.

ಮರುದಿನ ಹೈದರಾಬಾದಿನ ದಢೂತಿ ಆಸಾಮಿಯೊಬ್ಬ ಓಡೋಡಿ ಬಂದ. ಅವನದು ಉಲ್ಟಾ ಕತೆ. ಉಂಗುರ ಬಿಗಿದು ಬೆರಳು ಬದನೆಕಾಯಿಯಾಗಿತ್ತು. ಸೋಪು ಹಚ್ಚಿ, ತಿರುಗಿಸಿ, ಅವನ ಬೈಗುಳವನ್ನೂ ತಿಂದು ದಿನೇಶ ಅದನ್ನು ಹೊರಗೆಳೆದ. ಆಮೇಲೆ ಎರಡೂ ಉಂಗುರಗಳನ್ನು ಅಳತೆ ಕೋಲಿಗೆ ಹಾಕಿ ನೋಡಿದ.

ಅಳತೆ ಕೋಲು ಎಂದರೆ ತುದಿಯಲ್ಲಿ ಸಣ್ಣಗೆ, ಬುಡಕ್ಕೆ ಬರುತ್ತ ದಪ್ಪಗಾಗುವ ಮರದ ಕೋಲು. ಮೈತುಂಬ ಗೀಟು. ಉಂಗುರವನ್ನು ತುದಿಯಿಂದ ಬಿಟ್ಟರೆ ಯಾವ ಗೀಟಿನಲ್ಲಿ ನಿಲ್ಲುತ್ತದೋ ಅದೇ ಅದರ ಅಳತೆ. ಪುಣೆಯವಳಿಗೆ ಹದಿನಾಲ್ಕನೇ ಗೀಟಿಗೆ, ಹೈದರಾಬಾದಿನವನಿಗೆ ಇಪ್ಪತ್ತೇಳಕ್ಕೆ ತಾನೇ ಕೊರೆದುಕೊಟ್ಟಿದ್ದು ದಿನೇಶನಿಗೆ ಚೆನ್ನಾಗಿ ನೆನಪಿತ್ತು. ಈಗ ಎರಡೂ ಇಪ್ಪತ್ತೆರಡರಲ್ಲಿ ನಿಂತವು. ಒಂದೇ ಹಲಗೆಯ ಒಂದು ತುಂಡು ಹಿಗ್ಗಿ ಇನ್ನೊಂದು ಕುಗ್ಗುವುದನ್ನು ಅವನು ಕಂಡಿರಲಿಲ್ಲ.

ಆ ಹಲಗೆ ಎಲ್ಲಿಯದೆಂದು ಅವನೊಬ್ಬನಿಗೇ ಗೊತ್ತಿತ್ತು.

ಪ್ರವಾಸಿಗರ ಹುಚ್ಚೇ ಬೇರೆ. ಹಲಸಿನ ಮರದ ಉಂಗುರ ಎಂದರೆ ಮೂಗು ಮುರಿಯುವವರು, ಹಳೇ ದೋಣಿಯ ಮರದ್ದು ಎಂದರೆ ಕಣ್ಣರಳಿಸಿ ಮೂಸಿ ನೋಡುತ್ತಾರೆ. ದಿನೇಶನ ಊರು ತದಡಿ. ಮುರಿದ ದೋಣಿಗಳಿಗೆ ಅಲ್ಲಿ ಬರವಿಲ್ಲ. ನಾಲ್ಕು ವರ್ಷದಿಂದ ಅವನು ಅಂಥ ಹಲಗೆಗಳನ್ನೇ ತಂದು, ತುಂಡು ಮಾಡಿ, ತೂತು ಕೊರೆದು, ಅರ ಹಾಕಿ ಉಂಗುರ ಮಾಡುತ್ತಿದ್ದ. ಪಾಲಿಶ್ ಪೇಪರಿನಲ್ಲಿ ಉಜ್ಜಿ ಜೇನುಮೇಣ ಹಚ್ಚುವ ಕೆಲಸ ಅತ್ತಿಗೆ ಸುಚಿತಾಳದು. ಅವಳ ಕೈಯಲ್ಲಿ ಮರ ರೇಷ್ಮೆಯಾಗುತ್ತಿತ್ತು. ಮನೆಯಲ್ಲಿ ಇದ್ದವರು ಮೂವರೇ: ದಿನೇಶ, ತಾಯಿ ಸುಬ್ಬಿ, ಸುಚಿತಾ. ಅಣ್ಣ ಶಿವ ಮೂರು ವರ್ಷದ ಹಿಂದೆ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೂರನೇ ದಿನ, ಒಬ್ಬನೇ ದೋಣಿ ತೆಗೆದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ದೋಣಿ ಮಾತ್ರ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಮಗುಚಿ ತೇಲುತ್ತಿತ್ತು.

ಆಳು ತಿಂದ ದೋಣಿಯನ್ನು ಅವರ ಕೇರಿಯಲ್ಲಿ ಯಾರೂ ಮುಟ್ಟುವುದಿಲ್ಲ. ಉಬ್ಬರದ ನೀರು ತಾಗದ ಕಡೆ ಎಳೆದು ಹಾಕಿ, ತಾನಾಗಿ ಮಣ್ಣಾಗಲು ಬಿಡುತ್ತಾರೆ. ಅದರ ಮರವನ್ನು ಒಲೆಗೆ ಹಾಕುವುದಿಲ್ಲ, ಹೊಸ್ತಿಲು ದಾಟಿಸುವುದಿಲ್ಲ. ದಾಟಿಸಿದರೆ ಹೋದವನು ತನ್ನ ದೋಣಿ ಕೇಳಿಕೊಂಡು ಹಿಂದೆಯೇ ಬರುತ್ತಾನೆ. ಹುಟ್ಟಿದಾಗಿನಿಂದ ಕೇಳಿದ್ದ ಈ ಮಾತನ್ನು ಮೀರಿ ದಿನೇಶ ಶಿವನ ದೋಣಿಯ ಪಕ್ಕೆಯ ಹಲಗೆಯೊಂದನ್ನು ಕೊಯ್ದು ಮನೆಗೆ ತಂದಿದ್ದ. ಹೊನ್ನಾವರದಲ್ಲಿ ಕೊಂಡದ್ದು ಎಂದು ಹೇಳಿದ್ದ.

ಮರದ ಆಸೆಗೆ ತಂದದ್ದಲ್ಲ. ದೋಣಿ ರಿಪೇರಿ ಮಾಡುವ ಮುದುಕ ಜಟ್ಟಿ ಆ ತಿಂಗಳು ಎರಡು ಸಲ ಆ ದೋಣಿಯ ಹತ್ತಿರ ಕೂತು ಹಲಗೆ ದಿಟ್ಟಿಸುತ್ತಿದ್ದುದನ್ನು ದಿನೇಶ ಕಂಡಿದ್ದ. ಎಣ್ಣೆಯೆಲ್ಲ ಮಳೆಗೆ ತೊಳೆದು ಹೋಗಿ ಆ ಹಲಗೆಯ ಬಿರುಕು ಬಾಯಿ ಬಿಟ್ಟುಕೊಂಡಿತ್ತು. ನೀರು ನುಗ್ಗದಂತೆ ತುಂಬಬೇಕಾದ ಹತ್ತಿ ಬಿರುಕಿನೊಳಗೆ ಇರಲಿಲ್ಲ. ಜಟ್ಟಿಯ ಕಣ್ಣಿಗೆ ಅದು ಬಿದ್ದರೆ ಮುಗಿಯಿತು. ಅದಕ್ಕೇ ಕೊಯ್ದು ತಂದ. ಬಿರುಕು ಇದ್ದ ಭಾಗವನ್ನೇ ಮೊದಲು ತುಂಡು ತುಂಡು ಮಾಡಿ ಉಂಗುರಕ್ಕೆ ಹಾಕಿದ. ಕಂಡ ಕಂಡ ಊರಿನವರ ಬೆರಳಿಗೆ ಏರಿ, ಅದು ದೇಶದ ತುಂಬ ಚದುರಿ ಹೋಗಲಿ ಎಂದುಕೊಂಡಿದ್ದ.

ಅವನ ಕೈಯಲ್ಲೂ ಆ ಮರದ್ದೊಂದು ಉಂಗುರವಿತ್ತು, ಗಿರಾಕಿಗಳಿಗೆ ತೋರಿಸಲಿಕ್ಕೆಂದು ಹಾಕಿಕೊಂಡದ್ದು. ಅಂದು ಸಂಜೆ ಮನೆಗೆ ಬಂದು ಮೊದಲು ಅದನ್ನು ತೆಗೆಯಲು ಹೋದ. ಬರಲಿಲ್ಲ. ಎಣ್ಣೆಗೂ ಬರಲಿಲ್ಲ, ಸೋಪಿಗೂ ಬರಲಿಲ್ಲ. ಗರಗಸದ ಬ್ಲೇಡು ಇಟ್ಟರೆ ಅದು ಜಾರಿ ಪಕ್ಕದ ಬೆರಳು ಕೊಯ್ದುಕೊಂಡಿತು. ಎರಡೂ ಬೆರಳಿಗೆ ಸೇರಿಸಿ ಬಟ್ಟೆ ಸುತ್ತಿಕೊಂಡು ಸುಮ್ಮನಾದ.

ಸುಚಿತಾ ಅಷ್ಟು ಸುಲಭಕ್ಕೆ ಸುಮ್ಮನಾಗುವವಳಲ್ಲ. ಮೇಣ ಹಚ್ಚಿ ಒಣಗಿಸಿದ್ದ ಉಂಗುರಗಳನ್ನು ಅಳತೆ ಪ್ರಕಾರ ಬೇರ್ಪಡಿಸಲು ಮರುದಿನ ಬೆಳಿಗ್ಗೆ ಅವಳೂ ಕೋಲು ತೆಗೆದಳು. ಒಂದಾದ ಮೇಲೊಂದು ಎಲ್ಲವೂ ಅದೇ ಗೀಟಿಗೆ ಬಂದು ನಿಲ್ಲುವುದನ್ನು ನೋಡಿದಳು. ಎದ್ದು ಒಳಗೆ ಹೋಗಿ, ದೇವರ ಗೂಡಿನಿಂದ ಶಿವನ ಬೆಳ್ಳಿ ಉಂಗುರ ತಂದು ಕೋಲಿಗೆ ಬಿಟ್ಟಳು. ಇಪ್ಪತ್ತೆರಡು. ಸೀದಾ ದಂಡೆಗೆ ನಡೆದು, ದೋಣಿಯ ಪಕ್ಕೆಯಲ್ಲಿ ಹಲಗೆ ಕೊಯ್ದ ಜಾಗ ನೋಡಿಕೊಂಡು ಬಂದಳು.

"ಯಾವ ಹೊನ್ನಾವರ?" ಎಂದಳು ಬಾಗಿಲಲ್ಲಿ ನಿಂತು. "ಅವರ ದೋಣಿ ಮರ ತಂದು ನನ್ನ ಕೈಯಲ್ಲಿ ಉಜ್ಜಿಸ್ದೆ. ಎಂತಕೆ ದಿನೇಶ?"

ಹಣದಾಸೆಗೆ ಎಂದ ದಿನೇಶ. ಆ ಸುಳ್ಳು ಅವನಿಗೆ ಸಲೀಸಾಗಿ ಬಂತು.

ಸುಬ್ಬಿಯ ಕಿವಿಗೆ ವಿಷಯ ಬಿದ್ದಾಗ ಮಗನಿಗೆ ಬೈದಳು, ಹಣೆ ಚಚ್ಚಿಕೊಂಡಳು. ಆಮೇಲೆ ಅವಳ ಸಿಟ್ಟು ಮೂರು ವರ್ಷದಿಂದ ಸವೆದಿದ್ದ ಹಳೇ ದಾರಿಗೇ ತಿರುಗಿತು. ಬಲೆಗೆ ಸಿಕ್ಕಿಕೊಳ್ಳುತ್ತದೆಂದು ಶಿವ ಉಂಗುರ ಬಿಚ್ಚಿಟ್ಟೇ ಸಮುದ್ರಕ್ಕೆ ಹೋಗುವವನು. ಆ ದಿನ ಮರೆತಿದ್ದ. ದೋಣಿ ತಳ್ಳಲು ಹೋದವನನ್ನು ಸುಚಿತಾ ಹಿಂದಿನಿಂದ ಕೂಗಿ ಕರೆದು, ಉಂಗುರ ತೆಗೆಸಿಕೊಂಡು ಕಳಿಸಿದ್ದಳು. ಸಮುದ್ರಕ್ಕೆ ಹೊರಟ ಗಂಡಸನ್ನು ಹಿಂದಿನಿಂದ ಕರೆಯುವುದುಂಟೆ? ಕೇರಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ಸುಚಿತಾ ಒಮ್ಮೆಯೂ ಎದುರಾಡಿರಲಿಲ್ಲ. ಅವಳೂ ಅದನ್ನೇ ನಂಬಿದ್ದಳು. ಅದು ಎಲ್ಲಕ್ಕಿಂತ ಕೆಟ್ಟದ್ದು.

"ನನ್ನ ಮಗ ಉಂಗುರ ಕೇಳೂಕೆ ಬಂದದ್ದು," ಎಂದಳು ಸುಬ್ಬಿ. "ಅದೇ ಉಂಗುರಕ್ಕೆ ಅಲ್ಲನ ಇವಳು ಕರ್ದು ನಿಲ್ಸಿದ್ದು? ಇವಳು ಈ ಮನೆಲಿ ಇರೂವರೆಗೆ ಅವನು ಹೋಗೂದಿಲ್ಲ."

ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿದ್ದ ಸುಚಿತಾಳ ಅಣ್ಣ ವಿನೋದನಿಗೆ ಫೋನು ಹೋಯಿತು. ಸೋಮವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಜಟ್ಟಿಯನ್ನು ಕೇಳಿದ್ದಕ್ಕೆ, ಮರ ತಂದವನೇ ಒಬ್ಬನೇ ದೋಣಿಯಲ್ಲಿ ಅಳಿವೆ ದಾಟಿ ಹೋಗಿ ಅದನ್ನು ನೀರಿಗೆ ಬಿಟ್ಟು ಬರಬೇಕು ಎಂದ. ಬೇರೆ ದಾರಿ ಇಲ್ಲ.

ದಿನೇಶ ಓಂ ಬೀಚಿಗೆ ಹೋಗಿ ಸಿಕ್ಕಷ್ಟನ್ನು ವಾಪಸು ಕೇಳಿ ತಂದ. ಹಲವು ಉಂಗುರ ಆಗಲೇ ಬಸ್ಸು, ರೈಲು ಹತ್ತಿ ಹೋಗಿದ್ದವು. ದಿಲ್ಲಿಯಲ್ಲೋ ನಾಗಪುರದಲ್ಲೋ ಯಾರದೋ ಬೆರಳಿನಲ್ಲಿ ಅಣ್ಣನ ಅಳತೆ ಹಿಡಿಯಲು ಹೆಣಗುತ್ತಿರಬೇಕು. ಆ ನಾಲ್ಕು ದಿನ ಅವನಿಗೆ ಅನ್ನ ಸೇರಲಿಲ್ಲ. ಸುಚಿತಾ ತನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುವುದು ಕಾಣುತ್ತಿತ್ತು. ಶಿವ ಬಂದದ್ದು ತನ್ನನ್ನು ಹಿಡಿಯಲು, ಸಿಕ್ಕಿಬಿದ್ದದ್ದು ಅತ್ತಿಗೆ. ಬಾಯಿ ಮುಚ್ಚಿಕೊಂಡಿದ್ದರೆ ತಾನು ಪಾರು. ನಾಚಿಕೆಯಿಂದ ಅವನಿಗೆ ತನ್ನ ಮೈಯೇ ಹೇಸಿಗೆಯಾಯಿತು, ಆದರೂ ಬಾಯಿ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬಿಸಿಲು ಚುರುಕಾಗಿತ್ತು, ನೀರು ಶಾಂತವಾಗಿತ್ತು. ರಸ್ತೆಯಲ್ಲಿ ವಿನೋದನ ರಿಕ್ಷಾ ನಿಂತಿತ್ತು. ದಿನೇಶ ಬಾಡಿಗೆಗೆ ತಂದ ಸಣ್ಣ ದೋಣಿಗೆ ಉಳಿದ ಹಲಗೆ, ಉಂಗುರಗಳ ಗಂಟು ಹಾಕಿದ. ಸುಬ್ಬಿ ಸೊಸೆಯ ಕಡೆ ತಿರುಗಿ, ಆ ಬೆಳ್ಳಿಯದನ್ನೂ ಗಂಟಿಗೆ ಹಾಕು ಎಂದಳು. ಸುಚಿತಾಳ ಹತ್ತಿರ ಗಂಡನದೆಂದು ಉಳಿದಿದ್ದು ಅದೊಂದೇ. ಅವಳು ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ಬಿಗಿದ ಗಂಟು ಸಡಿಲವಾಗದ್ದಕ್ಕೆ ಹಲ್ಲಿನಿಂದ ಕಚ್ಚಿ ಎಳೆದಳು.

ಅದನ್ನು ನೋಡಿ ದಿನೇಶ ದೋಣಿಯ ಅಂಚು ಬಿಟ್ಟು ತಾಯಿಯ ಮುಂದೆ ಬಂದ.

"ಅವ್ವಿ, ಬೇಡ. ಅತ್ತಿಗೆ ಕರ್ದದ್ದಕ್ಕೆ ಅಣ್ಣ ಹೋದದ್ದಲ್ಲ. ಹಲಗೆ ಬಿರುಕು ಬಿಟ್ಟಿತ್ತು. ಹತ್ತಿ, ರಾಳ ತುಂಬು ಅಂತ ನಂಗೆ ಹೇಳಿದ್ದ. ನಾನು ತುಂಬ್ಲಿಲ್ಲ. ಬೀಚಿಗೆ ಹೋಗೂ ಅವಸರದಲ್ಲಿ ಮೇಲಿಂದ ಮೀನೆಣ್ಣೆ ಬಳ್ದೆ, ಅಷ್ಟೆ. ಕೆಲ್ಸ ಆತನ? ಅಂತ ಕೇಳ್ದ. ಆತು ಅಂದೆ."

ಸುಬ್ಬಿ ಅವನನ್ನೇ ನೋಡಿದಳು. ಸುಚಿತಾ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ನಿಂತಿದ್ದಳು. ಮೂರು ವರ್ಷ ಎಷ್ಟು ದಿನವೋ ಅಷ್ಟೂ ದಿನ ಆ ಮುಖದ ಮೇಲೆ ಒಂದೊಂದಾಗಿ ಹಾದು ಹೋಗುವುದನ್ನು ದಿನೇಶ ಕಂಡ. ನಿಂತು ನೋಡಲಾರದೆ ದೋಣಿಯನ್ನು ನೀರಿಗೆ ತಳ್ಳಿದ. ಮೊಣಕಾಲು ಮಟ್ಟದ ನೀರಿಗೆ ಬಂದಿದ್ದಾನೆ, ಹಿಂದಿನಿಂದ ದನಿ ಬಂತು.

"ದಿನೇಶ."

ಸುಚಿತಾ ಕರೆದದ್ದು. ಗಟ್ಟಿಯಾಗಿ, ದಂಡೆಯಲ್ಲಿ ಮೀನು ಒಣಗಿಸುತ್ತಿದ್ದವರೆಲ್ಲ ತಲೆಯೆತ್ತುವ ಹಾಗೆ. ಸುಬ್ಬಿ ಬಾಯಿಗೆ ಕೈ ಒತ್ತಿಕೊಂಡಳು. ದಿನೇಶ ತಿರುಗಿದ. ಸುಚಿತಾ ನೀರಿಗೆ ಇಳಿದು ಬಂದು ಅವನ ಮುಂದೆ ಅಂಗೈ ಚಾಚಿದಳು.

"ಉಂಗುರ ಬಿಚ್ಚಿಟ್ಟು ಹೋಗು," ಎಂದಳು.

ಅಣ್ಣನಿಗೂ ಅವಳು ಹೇಳಿದ್ದು ಇದೇ. ಅದು ಕಳಚಿ ಬರುವುದಿಲ್ಲ ಎನ್ನಲು ಬಾಯಿ ತೆರೆದವನು, ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಉಂಗುರ ಹಿಡಿದ. ನಾಲ್ಕು ದಿನ ಸೋಪಿಗೂ ಎಣ್ಣೆಗೂ ಜಗ್ಗದ್ದು ತಾನಾಗಿ ಜಾರಿ ಅವಳ ಅಂಗೈಗೆ ಬಿತ್ತು. ಅವನ ಬೆರಳಿಗಿಂತ ಎಷ್ಟೋ ದೊಡ್ಡದಿತ್ತು. ಸುಚಿತಾ ಅದನ್ನು ದೋಣಿಯ ಗಂಟಿಗೆ ಸೇರಿಸಿದಳು. ಬೆಳ್ಳಿಯದನ್ನು ಸೆರಗಿನಲ್ಲೇ ಉಳಿಸಿಕೊಂಡಳು.

ಅಳಿವೆ ದಾಟುವಾಗ ದಿನೇಶನಿಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನಿಂದ ಕರೆಸಿಕೊಂಡು ಬಂದ ಗಂಡಸು ಅವನು. ನದಿ ನೀರು ಮುಗಿದು ಸಮುದ್ರದ ಅಲೆ ದೋಣಿಯ ಕೆಳಗೆ ಎದ್ದಾಗ, ಹಿಂಬದಿಯಲ್ಲಿ ಯಾರೋ ಕೂತ ಹಾಗೆ ದೋಣಿ ಆ ಕಡೆ ತಗ್ಗಿತು. ಅವನು ತಿರುಗಿ ನೋಡಲಿಲ್ಲ. ಹತ್ತಿ ತುಂಬಿರಲಿಲ್ಲ ಅಣ್ಣ ಎಂದು ಗಟ್ಟಿಯಾಗಿ ಹೇಳಿದ. ಮೂರು ವರ್ಷದ ಹಿಂದೆ ಆತು ಎನ್ನುವ ಬದಲು ಹೇಳಬೇಕಿದ್ದ ಮಾತು. ಹಲಗೆಯನ್ನೂ ಗಂಟನ್ನೂ ನೀರಿಗೆ ಬಿಟ್ಟ. ದೋಣಿ ಹಗುರಾಗಿ ಸಮನಾಯಿತು. ಅವನು ಅಳುತ್ತ ಹುಟ್ಟು ಹಾಕಿದ.

ಅವನು ಬದುಕಿ ಬರುವುದನ್ನು ಇಡೀ ದಂಡೆ ನೋಡಿತು. ಸುಚಿತಾ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ದೋಣಿ ಮರಳಿಗೆ ತಾಗಿದ್ದು ನೋಡಿದ ಮೇಲೆ, ಅವನ ಮುಖ ನೋಡದೆ, ವಿನೋದನ ರಿಕ್ಷಾದಿಂದ ತನ್ನ ಚೀಲ ಇಳಿಸಿಕೊಂಡು ಮನೆಯ ಕಡೆ ನಡೆದಳು. ಅವಳು ಕ್ಷಮಿಸಿಲ್ಲ ಎಂಬುದು ಆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಸುಬ್ಬಿ ದೋಣಿಯ ಹತ್ತಿರ ಬಂದಳು. ಮಗನ ಕೈ ಹಿಡಿಯಲಿಲ್ಲ, ಬೈಯಲೂ ಇಲ್ಲ.

"ಇದರ ಬಿರುಕಿಗೆ ಹತ್ತಿ ತುಂಬಿದ್ಯನ?" ಎಂದು ಕೇಳಿದಳು.

"ತುಂಬಿದ್ದೆ ಅವ್ವಿ. ನಿನ್ನೆ ನಾನೇ ಕೂತು ತುಂಬ್ದೆ."

ಸುಬ್ಬಿ ತಲೆಯಾಡಿಸಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಹಲಗೆಯ ಸಂದಿಗೆ ಉಗುರು ಹಾಕಿ, ಈ ತುದಿಯಿಂದ ಆ ತುದಿಯವರೆಗೆ ಕೆದಕಿ ನೋಡಿದಳು.