ಹಸಿರು ಬಳಿದ ಕಲ್ಲು

ಯಾರೋ ಬಾಗಿಲು ಬಡಿದರು. ಕಡೆಯ ದೋಣಿ ಐದು ಗಂಟೆಗೇ ಹೋಗಿತ್ತು. ರಾತ್ರಿ ದ್ವೀಪದಲ್ಲಿ ಉಳಿಯುತ್ತಿದ್ದವನು ಕಾವಲುಗಾರನೊಬ್ಬನೇ. ಮತ್ತೆ ಬಡಿತ. ಅವನು ಟಾರ್ಚ್ ಹಿಡಿದು ಚಿಲಕ ತೆಗೆದ.

ಹೊರಗೆ ಪೇಂಟರ್ ನಿಂತಿದ್ದ.

“ಹೀಗ್ಯಾಕೋ ಕಣ್ಣು ಬಿಡ್ತೀಯ? ನನ್ನನ್ನ ದೋಣಿ ಹತ್ತೋಕೆ ಬಿಡಲಿಲ್ಲ. ಬೆಳಿಗ್ಗೆ ಮ್ಯಾನೇಜರ್ ಬರ್ತಾರಂತೆ, ವಿಚಾರಣೆ ಅಂತೆ.”

“ಒಳಗೆ ಬಾ ಅಣ್ಣ,” ಎಂದ ಕಾವಲುಗಾರ.

ಬಂದರಿನ ಬಾಯಲ್ಲಿದ್ದ ಆ ಪುಟ್ಟ ದ್ವೀಪ ದೂರದಿಂದ ಬರೀ ಕಾಡು. ಮರಗಳ ಮರೆಯಲ್ಲಿದ್ದ ಹನ್ನೆರಡು ಎಣ್ಣೆ ಟ್ಯಾಂಕುಗಳು ಹಡಗಿನವರ ಕಣ್ಣಿಗೆ ಬೀಳಬಾರದೆಂದು ಕೊಳವೆ, ಏಣಿ, ಮರಳಿನ ಬಕೆಟ್ಟಿನವರೆಗೆ ಎಲ್ಲಕ್ಕೂ ಎಲೆಹಸಿರು ಬಣ್ಣ. ಮೂವತ್ತು ವರ್ಷಗಳಿಂದ ಅದನ್ನು ಬಳಿಯುತ್ತಿದ್ದವನು ಈ ಪೇಂಟರ್. ಈಗ ಅದೇ ಬಣ್ಣ ಗುಡ್ಡದ ಹಿಂದಿನ ಕಲ್ಲಿಗೂ ಹತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದಿನ ಕಲ್ಲು. ಅದರ ಮೇಲೆ ಕೆತ್ತಿದ ದೋಣಿ, ಹುಟ್ಟು ಹಾಕುವ ಏಳು ಜನ. ಅದನ್ನು ಒಯ್ಯಲು ಕ್ರೇನ್ ಸಮೇತ ಬಂದ ಮ್ಯೂಸಿಯಂನವರು ಹಸಿರಿನಲ್ಲಿ ಹಸಿರನ್ನು ಹುಡುಕಿ ಸುಸ್ತಾಗಿದ್ದರು. ಸಂಜೆ ಅವರ ಮುಖ್ಯಸ್ಥರು ದಣಿದು ಒರಗಿಕೊಂಡದ್ದು ಆ ಕಲ್ಲಿಗೇ. ಎದ್ದಾಗ ಬಿಳಿ ಅಂಗಿಯ ಬೆನ್ನು ಹಸಿರಾಗಿತ್ತು.

“ಇನ್ನೆರಡು ತಿಂಗಳಿಗೆ ರಿಟೈರ್ ಆಗೋನು. ಈಗ ವಜಾ ಮಾಡಿದ್ರೆ ಪೆನ್ಷನ್ನಿಗೆ ಎಳ್ಳುನೀರು,” ಎಂದ ಪೇಂಟರ್. ಚಪ್ಪಲಿ ಬಿಡುತ್ತ ಮುಂದುವರಿಸಿದ, “ಆ ಕೆಲಸ ನೋಡಿದ್ಯಾ? ಕೆಳಗಿಂದ ಮೇಲಕ್ಕೆ ಎಳೆದಿದಾನೆ ಯಾವನೋ ಪುಣ್ಯಾತ್ಮ. ಬಣ್ಣ ಇಳಿದು ಏಳು ಜನಕ್ಕೂ ಗಡ್ಡ ಬಂದಿದೆ. ಅದನ್ನ ನನ್ನ ಕೈ ಅಂತಾರಲ್ಲ, ಹೊಟ್ಟೆ ಉರಿಯೋದು ಅದಕ್ಕೆ!”

“ಅಷ್ಟೇನೂ ಕೆಟ್ಟದಾಗಿಲ್ಲ ಬಿಡು.”

“ನಿನಗೇನು ಗೊತ್ತು ಬಣ್ಣದ ವಿಷಯ!”

ಇದ್ದ ಒಂದೇ ಮಂಚದ ಮೇಲೆ ಪೇಂಟರ್ ಗೊರಕೆ ಹೊಡೆಯತೊಡಗಿದ. ಹನ್ನೊಂದು ವರ್ಷಗಳಲ್ಲಿ ಆ ಕೋಣೆಯೊಳಗೆ ಇನ್ನೊಬ್ಬರ ಉಸಿರು ಕೇಳಿಸಿದ್ದು ಅದೇ ಮೊದಲು. ಕಾವಲುಗಾರ ಎಲ್ಲ ಕೋಣೆಗಳ ಇನ್ನೊಂದು ಜೊತೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎಂದಿನಂತೆ ಸುತ್ತು ಹೊರಟ. ಗುಡ್ಡದ ಹಿಂದೆ ಎಂದಿನಂತೆ ನಿಂತ. ಗಾಳಿ ಹೇಗಿದೆ, ಯಾವ ಹಡಗು ಬಂತು, ಊರಿನ ಪತ್ರ ಈ ತಿಂಗಳೂ ಯಾಕೆ ಬರಲಿಲ್ಲ ಎಂದು ಆ ಏಳು ಮಂದಿಗೆ ದಿನವೂ ಒಪ್ಪಿಸುವುದು ಅವನ ರೂಢಿ. ಇಂದು ಮಣಿಮಣಿಯಾಗಿ ಇಳಿದಿದ್ದ ಬಣ್ಣವನ್ನು ಉಗುರಿನಿಂದ ಕೆರೆದ. ಒಬ್ಬನ ಮುಖ ಅಷ್ಟಿಷ್ಟು ಕಂಡಿತು.

ಬೆಳಿಗ್ಗೆ ಕ್ರೇನ್ ಕಲ್ಲನ್ನೆತ್ತಿ ದೋಣಿಗಿಳಿಸಿತು. ಅದಿದ್ದ ಜಾಗದಲ್ಲಿ ಹಸಿ ಮಣ್ಣಿನ ಗುಳಿ, ಬೆಳಕಿಗೆ ಬೆದರಿ ಓಡುವ ಹುಳುಗಳು. ಮ್ಯಾನೇಜರ್ ಪೇಂಟರನ ಮುಂದೆ ಕಾಗದ ಚಾಚಿದರು.

“ಸಹಿ ಹಾಕು.”

“ನಾನು ಬಳಿದಿಲ್ಲ ಸಾರ್. ಬಳಿದಿದ್ರೆ ಹೀಗಿರ್ತಿರ್ಲಿಲ್ಲ.”

“ಬಣ್ಣದ ಕೋಣೆ ಬೀಗದ ಕೈ ನಿನ್ನ ಹತ್ರ. ನೀನಲ್ಲದೆ ದೆವ್ವ ಬಂದು ಬಳೀತೇನಯ್ಯ?”

ಪೇಂಟರ್ ಪೆನ್ನಿನ ಮುಚ್ಚಳ ತೆಗೆದ. ಹಿಂದೆ ನಿಂತಿದ್ದವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ದೆವ್ವ ಅಲ್ಲ ಸಾರ್, ಈ ಕಾವಲುಗಾರ.”