ನಾರುವ ಚೀಲದಲ್ಲಿ ಹಾಲಿಸನ ಕತ್ತರಿ

ಬೆಲೆಬಾಳುವ ವಸ್ತುವನ್ನು ಕಳ್ಳರ ಕಣ್ಣಿಗೆ ಬೀಳದಂತೆ ಎಲ್ಲಿಡುವುದು? ಅಮೆರಿಕದ ಪೋರ್ಟ್‌ಲ್ಯಾಂಡಿನ ಸೇತುವೆ ಬದಿ ಡೇರೆ ಹಾಕಿಕೊಂಡಿದ್ದ ಮನೆಯಿಲ್ಲದವರಿಗೆಲ್ಲ ಇದೇ ಚಿಂತೆ. ವರ್ಲೀನಳಿಗೂ ಅದೇ. ಕ್ಷೌರಿಕನಾಗಿದ್ದ ಗಂಡ ಹಾಲಿಸ್ ಕಳೆದ ಚಳಿಗಾಲದಲ್ಲಿ ದೇವರ ಪಾದ ಸೇರಿದ್ದ. ಅವನ ಕತ್ತರಿಗಳಿಂದ ಡೇರೆಯವರ ಕೂದಲು ಕತ್ತರಿಸಿ ಅವಳು ಹೊಟ್ಟೆ ಹೊರೆಯುತ್ತಿದ್ದಳು. ಆ ಕತ್ತರಿಗಳ ಚರ್ಮದ ಪೆಟ್ಟಿಗೆಯನ್ನೂ ಅವನ ಉಣ್ಣೆ ಟೋಪಿಯನ್ನೂ ಕೊಳೆತ ಸಿಪ್ಪೆ, ಒದ್ದೆ ಬಟ್ಟೆ ತುಂಬಿದ ಚೀಲದ ತಳದಲ್ಲಿ ಹುದುಗಿಸಿಟ್ಟಿದ್ದಳು.

ಒಂದು ಬೆಳಿಗ್ಗೆ ಕಂಬದ ಮೇಲೆ ನಗರಸಭೆಯ ನೋಟಿಸು ಕಾಣಿಸಿತು: ಮೂರು ದಿನ ಕಳೆದ ಮೇಲೆ ಜಾಗ ತೆರವು. ಡೇರೆಯವರ ಗಾಯಗಳಿಗೆ ಪಟ್ಟಿ ಕಟ್ಟಲು ಬರುತ್ತಿದ್ದ ನರ್ಸ್ ಇನೆಸ್ ಅದನ್ನು ಓದಿ ಹೇಳಿದಳು.

"ನಾನು ಇಲ್ಲಿಂದ ಕದಲಲ್ಲ," ಎಂದಳು ವರ್ಲೀನ್.

"ಆವತ್ತೇ ಅಲ್ವಾ ನಿಮ್ಮ ಕಣ್ಣಿನ ಆಪರೇಷನ್ನು? ತಪ್ಪಿಸಿದ್ರೆ ಇರೋ ದೃಷ್ಟಿನೂ ಹೋಗುತ್ತೆ."

"ಹೋದ್ರೆ ಎಲ್ಲಾ ಕಸದ ಲಾರಿಗೆ ಹಾಕ್ತಾರೆ ಮಗಳೇ. ಕತ್ತರಿ ಹಿಡ್ಕೊಂಡು ಹೋದ್ರೆ ಆಸ್ಪತ್ರೆ ಒಳಗೆ ಬಿಡಲ್ಲ. ನೀನಾದ್ರೂ ಇಟ್ಕೋ."

"ರೋಗಿಗಳ ಸಾಮಾನು ಇಟ್ಕೊಳ್ಳೋಕೆ ನಮಗೆ ಅಪ್ಪಣೆ ಇಲ್ಲ. ಆದ್ರೆ ಕಾನೂನಿದೆ. ಚೆನ್ನಾಗಿರೋ ಸಾಮಾನನ್ನ ಉಗ್ರಾಣದಲ್ಲಿ ಕನಿಷ್ಠ ಮೂವತ್ತು ದಿನ ಇಡಬೇಕು, ಬಂದು ಕೇಳಿದವರಿಗೆ ವಾಪಸ್ ಕೊಡಬೇಕು. ಹೊಲಸಾಗಿರೋದನ್ನ ಮಾತ್ರ ಅಲ್ಲೇ ಎಸೀಬಹುದು."

ವರ್ಲೀನಳ ಮುಖ ಬಿಳಿಚಿತು. ಮೆಲ್ಲಗೆ ಚೀಲದ ಬಾಯಿ ಬಿಚ್ಚಿ ತೋರಿಸಿದಳು.

ಇನೆಸ್ ಮೂಗು ಮುಚ್ಚಿಕೊಂಡಳು. "ಅಯ್ಯೋ! ಇದನ್ನ ಕಳ್ಳ ಮುಟ್ಟಲ್ಲ, ನಿಜ. ಆದ್ರೆ ಕೆಲಸದವರು ಸೀದಾ ಲಾರಿಗೆ ಹಾಕ್ತಾರೆ!"

"ನನ್ನ ಗಂಡ ಜೀವಮಾನ ಪೂರ್ತಿ ಹಿಡಿದ ಕತ್ತರಿ ಕಣೇ. ನಿನ್ನ ಕಾನೂನು ನಂಬಿ ಹೊರಗಿಡ್ಲಾ? ಓದಿದ ಸೊಕ್ಕು ನಿಂಗೆ!"

"ಸೊಕ್ಕೇ ಇರ್ಲಿ. ತಗೊಳ್ಳಿ, ಒಣ ಚೀಲ. ಮೇಲೆ ನಿಮ್ಮ ಹೆಸರು ಬರೀತೀನಿ. ಹೊರಡೋವರೆಗೂ ತಲೆದಿಂಬು ಮಾಡ್ಕೊಂಡು ಮಲಗಿ. ಹೊರಡುವಾಗ ಕಣ್ಣಿಗೆ ಕಾಣೋ ಹಾಗೆ ಡೇರೆಯಲ್ಲಿಟ್ಟು ಬನ್ನಿ."

ಗೊಣಗುತ್ತಲೇ ವರ್ಲೀನ್ ಪೆಟ್ಟಿಗೆಯನ್ನು ಒಣ ಚೀಲಕ್ಕೆ ಹಾಕಿದಳು.

ಆಪರೇಷನ್ ಮುಗಿಸಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ನೋಡಿದರೆ ಸೇತುವೆ ಬದಿ ಬರೀ ನೆಲ. ಎಲ್ಲಾ ಹೋಯಿತೆಂದು ಅವಳು ಅಲ್ಲೇ ಕೂತುಬಿಟ್ಟಳು. ಜೊತೆಗೆ ಬಂದಿದ್ದ ಇನೆಸ್ ನೋಟಿಸಿನಲ್ಲಿದ್ದ ನಂಬರಿಗೆ ಫೋನು ಮಾಡಿ ಅವಳನ್ನು ಉಗ್ರಾಣಕ್ಕೆ ಕರೆದೊಯ್ದಳು.

"ಚೀಲದಲ್ಲಿ ಏನಿತ್ತು ತಾಯಿ?" ಎಂದ ಅಲ್ಲಿನ ಕಾವಲುಗಾರ.

"ಕತ್ತರಿ ಪೆಟ್ಟಿಗೆ. ಒಂದು ಬಾಚಣಿಗೆಗೆ ಮುಂದಿನ ಹಲ್ಲಿಲ್ಲ, ನನ್ನ ಹಾಗೇನೇ."

ಅವನು ನಗುತ್ತಾ ಒಳಗೆ ಹೋಗಿ ಚೀಲ ತಂದಿಟ್ಟ. ವರ್ಲೀನ್ ಕತ್ತರಿ ತೆಗೆದು ಗಾಳಿಯಲ್ಲಿ ಕಚಕಚ ಆಡಿಸಿದಳು. ಹಾಲಿಸ್ ಮಗ್ಗುಲಲ್ಲೇ ನಿಂತಂತಾಯಿತು. "ಕರ್ತನೇ, ನಿನಗೆ ಸ್ತೋತ್ರ," ಎಂದು ದೀರ್ಘವಾಗಿ ಉಸಿರುಬಿಟ್ಟಳು. ಆಮೇಲೆ ಕಾವಲುಗಾರನ ತಲೆ ನೋಡಿ, "ನಿನ್ನ ಕೂದಲನ್ನ ಯಾರು ಕತ್ತರಿಸಿದ್ದು ಮಗನೇ, ಇಲಿಯಾ? ಬಾ, ಕೂತ್ಕೋ," ಎಂದಳು.

ಹಾಲಿಸನ ಉಣ್ಣೆ ಟೋಪಿ ಮಾತ್ರ ಸಿಗಲಿಲ್ಲ. ಅದು ನಾರುವ ಚೀಲದಲ್ಲೇ ಉಳಿದು ಕಸದ ಲಾರಿಯ ಪಾಲಾಗಿತ್ತು.

ಬಯಲಲ್ಲಿ ಬದುಕುವ ಅಣ್ಣ ಅಕ್ಕಂದಿರೇ, ನಿಮ್ಮ ಬಾಳಿನ ಗುರುತನ್ನು ಕಸದಲ್ಲಿ ಬಚ್ಚಿಡಬೇಡಿ. ಒಣ ಚೀಲದಲ್ಲಿ ಕಟ್ಟಿ, ಹೆಸರು ಬರೆಯಿರಿ. ನೋಟಿಸಿನ ನಂಬರನ್ನು ಜೋಪಾನ ಮಾಡಿ. ಬೇರೆ ಊರಾದರೆ ಅಲ್ಲಿನ ನಿಯಮ ವಿಚಾರಿಸಿ. ಹೋದರೆ ಹೋಯಿತೆಂದು ಕೂರದೆ, ತಡಮಾಡದೆ ಹೋಗಿ ಕೇಳಿ. ನಮ್ಮದನ್ನು ನಾವು ಕೇಳುವುದು ಭಿಕ್ಷೆಯಲ್ಲ.